ಮಸ್ಕತ್ತಿಗೆ ಎಂಥ ಕಾಯಿ

ಭಾಗ್ಯನಗರದ ಜೋಹರಾಬಿಗೆ ಕಿಲೋಮೀಟರುಗಳ ಮೇಲೆ ನಂಬಿಕೆ ಕಡಿಮೆ. ಮಾವಿನ ವ್ಯಾಪಾರದ ಹೆಂಗಸು; ಆಕೆಗೆ ದೂರವೆಂದರೆ ಕಾಯಿ ಹಣ್ಣಾಗುವ ಹೊತ್ತು. ಯಲಬುರ್ಗಾಕ್ಕೆ ಪೂರ್ತಿ ಹಳದಿಯಾದದ್ದು ನಡೆದೀತು. ಸೊಲ್ಲಾಪುರಕ್ಕೆ ಆಗಷ್ಟೇ ಬಣ್ಣ ತಿರುಗಿದ ದೋರಗಾಯಿ. ಮುಂಬೈಗೆ ಕಲ್ಲಿನಂಥ ಬಲಿತ ಕಾಯಿ. ಈ ಲೆಕ್ಕ ಎಂದೂ ತಪ್ಪಿಲ್ಲವೆಂದು ಆಕೆಯೇ ಹೇಳುತ್ತಾಳೆ. ಅಲ್ಲವೆನ್ನುವ ಧೈರ್ಯ ಯಾರಿಗಿದೆ?

ಈ ಸಲ ವಿರುಪಣ್ಣನ ತೋಟದ ಫಸಲನ್ನೆಲ್ಲ ಗುತ್ತಿಗೆ ಹಿಡಿದಿದ್ದಳು. ಪೇಟೆಯಲ್ಲಿ ನೋಡಿದರೆ ಮಾವು ಕೇಳುವವರಿಲ್ಲದಷ್ಟು ಬಿದ್ದಿತ್ತು. ಅಷ್ಟರಲ್ಲಿ ಮಸ್ಕತ್ತಿನಲ್ಲಿ ಹಣ್ಣಿನಂಗಡಿ ಇಟ್ಟಿದ್ದ ಅಣ್ಣನ ಮಗ ಶಬ್ಬೀರ ಫೋನು ಮಾಡಿದ. "ಫುಪ್ಪು, ಮೊದಲ ನಾಕು ಪೆಟ್ಟಿಗಿ ಕಳಸು. ಛಲೋ ಬಂದ್ರ ತೋಟ ಪೂರಾ ನನಗ."

ಸೊಸೆ ಇರ್ಫಾನಾ ಮೊಬೈಲು ತೀಡಿ ನೋಡಿದಳು. "ಹೈದರಾಬಾದಿನಿಂದ ವಿಮಾನದಾಗ ಮೂರು ತಾಸಿನ ಮ್ಯಾಲ ಚೂರು, ಅಮ್ಮಾ."

"ಯಾ ಅಲ್ಲಾ! ಬಸ್ಸಿನಾಗ ಹುಬ್ಬಳ್ಳಿಗೆ ಹೋದಂಗ ಆತಲ್ಲ!"

ಹುಬ್ಬಳ್ಳಿಗೆ ಒಪ್ಪುವ ಹಣ್ಣನ್ನೇ ಆರಿಸಿ ತುಂಬಿಸಿದಳು. ಟೆಂಪೋದ ಓಬಳೆಪ್ಪ ಪೆಟ್ಟಿಗೆ ಎತ್ತುತ್ತ ಮೂಗು ಅರಳಿಸಿದ.

"ಅಕ್ಕಾ, ವಾಸನಿ ಈಗ್ಲೇ ಘಂ ಅನ್ನಾಕ ಹತ್ತೈತ್ರಿ."

"ವಿಮಾನಕ್ಕ ಹೊಂಟೈತಪಾ, ನಿನ್ನ ಡಬ್ಬಾ ಗಾಡಿಗಲ್ಲ."

"ವಿಮಾನ ನಿಮ್ಮ ಅಂಗಳಕ್ಕ ಬಂದು ನಿಂದ್ರತೈತೇನ್ರಿ? ಹೈದರಾಬಾದ ಮಟಾ ಈ ಡಬ್ಬಾನ ಗತಿ."

ಜೋಹರಾಬಿಗೆ ಇಂಥ ಮಾತು ಕೇಳಿಸುವುದಿಲ್ಲ.

ಶಬ್ಬೀರ ಕಳಿಸಿದ ಫೋಟೋದಲ್ಲಿ ಪೆಟ್ಟಿಗೆಗಳ ತಳದಿಂದ ರಸ ಇಳಿಯುತ್ತಿತ್ತು. "ನಾ ಹಣ್ಣು ಕೇಳಿದ್ದೆ. ನೀ ಸೀಕರಣಿ ಕಳಿಸೀದಿ."

ಆಕೆ ಅಳಲೂ ಇಲ್ಲ, ವಿಮಾನವನ್ನು ಬೈಯಲೂ ಇಲ್ಲ. ಪೆಟ್ಟಿಗೆ ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಕೂತಿತ್ತೆಂದು ಒಂದೊಂದೇ ಕೇಳಿದಳು. ಇಲ್ಲಿಯ ಗೋದಾಮು, ತಪಾಸಣೆ, ಸರದಿ. ಅಲ್ಲಿಯೂ ಅದೇ ಮೆರವಣಿಗೆ. ಅವಸರ ಇದ್ದದ್ದು ವಿಮಾನವೊಂದಕ್ಕೇ, ಉಳಿದವರೆಲ್ಲ ಆರಾಮವಾಗಿದ್ದರು.

"ಹಂಗಾರ ಮಸ್ಕತ್ತು ಮುಂಬೈಕಿಂತ ಒಂದು ಕಾಯಿ ದೂರ ಐತಿ," ಎಂದು ತೀರ್ಪು ಕೊಟ್ಟಳು. "ಇನ್ನೊಮ್ಮಿ ಕಳಸ್ತೀನಿ, ಈ ಸಲ ಖರ್ಚು ನಂದು."

ಮರುದಿನ ತಾನೇ ಮರದ ಕೆಳಗೆ ನಿಂತು, ತೊಟ್ಟು ಮುರಿಯದಂತೆ ಆಗಷ್ಟೇ ಬಲಿತ ಹಸಿರು ಕಾಯಿ ಇಳಿಸಿದಳು. ಅದೇ ಮರದ ಹತ್ತು ಕಾಯಿ ಮನೆಯ ಹುಲ್ಲಿನಲ್ಲಿ ಮುಚ್ಚಿಟ್ಟು, ದಿನಾ ಮುಂಜಾನೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಮಸ್ಕತ್ತಿನ ದಾರಿಯಲ್ಲಿ ಏನಾಗುತ್ತಿದೆಯೆಂದು ಇರ್ಫಾನಾಳ ಮೊಬೈಲಿಗಿಂತ ಆ ಹೆಬ್ಬೆರಳಿಗೇ ಹೆಚ್ಚು ಗೊತ್ತೆಂದು ಆಕೆಯ ನಂಬಿಕೆ.

ಶಬ್ಬೀರ ವೀಡಿಯೋದಲ್ಲಿ ಪೆಟ್ಟಿಗೆ ಬಿಚ್ಚಿದ. "ಫುಪ್ಪು, ಇವಿನ್ನೂ ಕಲ್ಲ ಅದಾವು!"

"ತೊಟ್ಟಿನ ಹಂತೇಕ ನೋಡು. ಹಳದಿ ಇಣುಕೈತಿಲ್ಲ? ನಾಡಿದ್ದು ಮಾರು. ತಾಳ್ಮಿ ನಿಮ್ಮ ವಂಶದಾಗ ಇಲ್ಲ."

"ನೀನೂ ಅದ ವಂಶದಾಕಿ!"

ಆಕೆ ಹೇಳಿದ ದಿನವೇ ಮಧ್ಯಾಹ್ನ ನಮಾಜಿನ ಹೊತ್ತಿಗೆ ಮತ್ತೆ ಫೋನು. ನಾಲ್ಕೂ ಪೆಟ್ಟಿಗೆ ಖಾಲಿ. "ತೋಟ ಬ್ಯಾರೆದವ್ರಿಗೆ ಕೊಡಬ್ಯಾಡ, ಫುಪ್ಪು!"

"ನೋಡೂಣು. ಮತ್ತಿಬ್ಬರು ಕೇಳ್ಯಾರ," ಎಂದಳು ಜೋಹರಾಬಿ. ಆ ಇಬ್ಬರು ಹುಟ್ಟಿದ್ದು ಆಗಲೇ. ಇರ್ಫಾನಾ ಬಾಯಿಗೆ ಸೆರಗು ಒತ್ತಿಕೊಂಡಳು.

ಫೋನು ಇಟ್ಟವಳು ಚಪ್ಪಲಿ ಮೆಟ್ಟಿಕೊಂಡೇ ವಿರುಪಣ್ಣನಿಗೆ ಕೂಗು ಹಾಕಿದಳು: "ಅಣ್ಣಾ, ಆಳು ಕರೀರಿ! ಒಂದು ಕಾಯೀನೂ ಮರದಾಗ ಹಣ್ಣಾಗಾಕ ಬಿಡಬ್ಯಾಡ್ರಿ!"