ಟೆಸ್ಟ್ ಶಾಟ್‌ನಲ್ಲಿ ಉಳಿದ ಲೋಕೇಶ

ಹೋದ ವರ್ಷದ ಆಷಾಢ. ಬಸವೇಶ್ವರನಗರದಲ್ಲಿ ನಾನು ಫೋಟೋ ಸ್ಟುಡಿಯೋ ಇಟ್ಟು ಇಪ್ಪತ್ತಾರು ವರ್ಷ ತುಂಬಿತ್ತು. ಮದುವೆ, ಗೃಹಪ್ರವೇಶ, ನಾಮಕರಣ, ಸೀಮಂತ ಎಂದು ರಾಜಾಜಿನಗರದಿಂದ ಕೆಂಗೇರಿಯವರೆಗೆ ನಾನು ಕಾಲಿಡದ ಛತ್ರ ಉಳಿದಿರಲಿಲ್ಲ. ಒಟ್ಟು ಎಷ್ಟು ಮದುವೆ ಎಂದು ಜನ ಕೇಳುತ್ತಾರೆ. ಸಾವಿರದ ಇನ್ನೂರರವರೆಗೆ ಎಣಿಸಿದ್ದೆ, ಆಮೇಲೆ ಬೇಜಾರಾಗಿ ಬಿಟ್ಟುಬಿಟ್ಟೆ. ಐವತ್ತೆಂಟಕ್ಕೇ ಎಡಮಂಡಿ ಸವೆದಿತ್ತು, ಬಲಭುಜ ಕ್ಯಾಮೆರಾ ಬ್ಯಾಗಿನ ಭಾರಕ್ಕೆ ಇಳಿಬಿದ್ದಿತ್ತು, ಛತ್ರದ ಊಟದ ವಾಸನೆಯೇ ಬೇಡವಾಗಿತ್ತು. ಕಸುಬಿನ ಮೇಲಿನ ಪ್ರೀತಿ ಹೋಗಿರಲಿಲ್ಲ. ಸುಸ್ತು ಅದರ ಮೇಲೆ ಹತ್ತಿ ಕೂತಿತ್ತು, ಅಷ್ಟೆ.

ಆಷಾಢದಲ್ಲಿ ನಮ್ಮ ಕಡೆ ಮದುವೆ ನಡೆಯುವುದಿಲ್ಲ. ಹಾಗಾಗಿ ಫೋಟೋಗ್ರಾಫರ್ ಮನೆಯವರ ಪ್ರವಾಸವೆಲ್ಲ ಆಷಾಢದಲ್ಲೇ. ಊರಿನ ಮಕ್ಕಳೆಲ್ಲ ಬೇಸಿಗೆ ರಜೆಯಲ್ಲಿ ತಿರುಗಾಡುವಾಗ ನಾವು ಯಾರದೋ ಧಾರೆಯ ಮುಂದೆ ಬೆವರು ಒರೆಸಿಕೊಳ್ಳುತ್ತಾ ನಿಂತಿರುತ್ತೇವೆ. ನಮ್ಮ ಮಕ್ಕಳು ಶಾಲೆ ತಪ್ಪಿಸಿ, ಗಾಳಿಗೆ ಮಗುಚಿಕೊಳ್ಳುವ ಕೊಡೆ ಹಿಡಿದು ದೇವಸ್ಥಾನ ನೋಡುತ್ತಾರೆ. ಹದಿನೇಳು ಆಷಾಢ ನಮ್ಮ ಮನೆಯವರೂ ಗೆಳೆಯ ಲೋಕೇಶನ ಮನೆಯವರೂ ಒಟ್ಟಿಗೆ ಹೊರಟಿದ್ದೆವು. ತಲಕಾಡು, ಮೇಲುಕೋಟೆ, ಚಿತ್ರದುರ್ಗ, ಬೇಲೂರು, ಹೀಗೆ. ಹೋದ ವರ್ಷ ಬಾದಾಮಿಯೇ ಆಗಬೇಕೆಂದು ಲೋಕೇಶ ಹಟ ಹಿಡಿದಿದ್ದ. ರೈಲಿನ ಟಿಕೆಟ್ ಆಗಿತ್ತು, ಶನಿವಾರ ಹೊರಡುವುದಿತ್ತು. ಬುಧವಾರ ಬೆಳಿಗ್ಗೆ ಹಾಲು ತರಲು ಹೋದವನು ಅಂಗಡಿಯ ಮೆಟ್ಟಿಲ ಮೇಲೆ ಕೂತ, ಮತ್ತೆ ಏಳಲಿಲ್ಲ. ಹೃದಯಾಘಾತ. ಅವನಿಗೆ ಐವತ್ನಾಲ್ಕು.

ಲೋಕೇಶ ವಿಡಿಯೋಗ್ರಾಫರ್. ಇಪ್ಪತ್ತೆರಡು ವರ್ಷ ನಾವಿಬ್ಬರೂ ಒಂದೇ ಮಂಟಪದಲ್ಲಿ ದುಡಿದವರು. ನಾನು ಸ್ಟಿಲ್, ಅವನು ವಿಡಿಯೋ. ದಪ್ಪ ಮನುಷ್ಯ, ಬೋಳುತಲೆ. ಭುಜಕ್ಕೆ ಕರಿ ವೈರಿನ ಸುರುಳಿ, ಕೈಯಲ್ಲಿ ಲೈಟು. ತಾಳಿ ಕಟ್ಟುವ ಗಳಿಗೆಯಲ್ಲಿ ಇಬ್ಬರಿಗೂ ಬೇಕಾದದ್ದು ಒಂದೇ ಮೊಳ ಜಾಗ. ಅಲ್ಲಿ ನಮ್ಮ ಜಗಳ ತಪ್ಪಿದ್ದೇ ಇಲ್ಲ.

"ಲೋ, ಹೊಟ್ಟೆ ಒಳಗೆಳ್ಕೊಳ್ಳೋ, ತಾಳಿ ಕಾಣಿಸ್ತಿಲ್ಲ," ಎಂದು ನಾನು ಹಲ್ಲು ಕಚ್ಚಿ ಹೇಳುತ್ತಿದ್ದೆ.

"ನಿನ್ನ ತಲೆ ನನ್ನ ವಿಡಿಯೋದಲ್ಲಿ ಮೂರು ನಿಮಿಷದಿಂದ ಇದೆ ಗುರು. ಮೊದ್ಲು ಅದನ್ನ ತೆಗಿ," ಎನ್ನುತ್ತಿದ್ದ ಅವನು.

ಇಲ್ಲಿ ನಮ್ಮ ಕಸುಬಿನ ಒಂದು ರೂಢಿ ಹೇಳಬೇಕು. ಮದುವೆಯ ಆಲ್ಬಂನಲ್ಲಿ ಕೆಲಸದವರು ಕಾಣಬಾರದು. ಅಡುಗೆಯವರು, ವಾಲಗದವರ ಚೀಲ, ವಿಡಿಯೋದವನ ಲೈಟು, ಯಾವುದೂ. ಬಿದ್ದಿದ್ದರೆ ಅಂಚು ಕತ್ತರಿಸಬೇಕು. ಕತ್ತರಿಸಲು ಬಾರದ ಕಡೆ ಇದ್ದರೆ ಕಂಪ್ಯೂಟರಿನಲ್ಲಿ ಪಕ್ಕದ ಹೂವನ್ನೋ ಪರದೆಯನ್ನೋ ಅವರ ಮೇಲೆ ಎಳೆದು ಮುಚ್ಚಬೇಕು. ಈ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಲೋಕೇಶನನ್ನು ಚೆಂಡುಹೂವಿನಲ್ಲಿ ಎಷ್ಟು ಸಲ ಮುಚ್ಚಿದ್ದೇನೋ ನನಗೇ ಗೊತ್ತಿಲ್ಲ. ಅವನೇ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಾ, "ಕಿವಿ ಉಳಿದಿದೆ ನೋಡು," ಎಂದು ತೋರಿಸುತ್ತಿದ್ದ. ಆಲ್ಬಂ ಕೊಟ್ಟ ಮೇಲೆ ಮೂಲ ಫೈಲುಗಳನ್ನೂ ಅಳಿಸಿಹಾಕುತ್ತಿದ್ದೆ, ಹಾರ್ಡ್ ಡಿಸ್ಕ್ ತುಂಬಿಹೋಗುತ್ತದೆ ಎಂದು.

ಮೂರನೆಯ ದಿನ ಹಾಲು-ತುಪ್ಪ ಬಿಟ್ಟು ಸಮಾಧಿಯಿಂದ ಹಿಂತಿರುಗಿದೆವು. ಅನ್ನಪೂರ್ಣೇಶ್ವರಿ ನಗರದ ಅವನ ಬಾಡಿಗೆ ಮನೆಯಲ್ಲಿ ಅವನ ಹೆಂಡತಿ ಮಂಜುಳಾ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಹತ್ತಿರ ಕರೆದಳು.

"ಅಣ್ಣ, ಹನ್ನೊಂದನೇ ದಿನದ ತಿಥಿಗೆ ಇಡೋಕೆ ಒಂದು ಫೋಟೋ ಬೇಕು. ಆಮೇಲೆ ಗೋಡೆಗೂ ಅದೇ."

"ಅದೇನು ಕೇಳ್ತೀಯಮ್ಮ, ನಾನು ಮಾಡ್ಕೊಡ್ತೀನಿ," ಎಂದೆ. ಯೋಚಿಸದೆ ಬಾಯಿಗೆ ಬಂದ ಮಾತು ಅದು.

ಆಗ ಅವಳು ಇದ್ದುದನ್ನು ಮುಂದಿಟ್ಟಳು. ಮದುವೆ ಆಲ್ಬಂ ಒಂದಿತ್ತು, ನಾನೇ ತೆಗೆದದ್ದು. ಅದರಲ್ಲಿ ತೆಳ್ಳಗೆ, ತಲೆ ತುಂಬ ಕೂದಲಿದ್ದ ಹುಡುಗ. "ಇದನ್ನ ಇಟ್ರೆ ಬಂದೋರು ಇದ್ಯಾರು ಅಂತ ಕೇಳ್ತಾರೆ," ಎಂದಳು. ಮಗಳು ಚೈತ್ರ, ಬಿಕಾಂ ಓದುವವಳು, ಅಪ್ಪನ ಮೊಬೈಲ್ ತೋರಿಸಿದಳು. ನಾಲ್ಕು ಸಾವಿರಕ್ಕೂ ಹೆಚ್ಚು ಫೋಟೋ. ಎಲ್ಲವೂ ಅವನೇ ತೆಗೆದವು. ಅವಳದು, ಅಮ್ಮನದು, ಛತ್ರದ ಸ್ವಿಚ್ ಬೋರ್ಡಿನದು. ಅವನಿದ್ದದ್ದು ಒಂದರಲ್ಲಿ, ಹೆಲ್ಮೆಟ್ ಹಾಕಿಕೊಂಡು. ವಾಟ್ಸಾಪಿನಲ್ಲಿ ಬಂದ ಗುಂಪು ಫೋಟೋಗಳಲ್ಲಿ ಅವನ ಮುಖ ಹೆಸರುಕಾಳಿನಷ್ಟು. ದೊಡ್ಡದು ಮಾಡಿದರೆ ಒಡೆದುಹೋಗುತ್ತಿತ್ತು. ಕೊನೆಗೆ ಉಳಿದದ್ದು ಆಧಾರ್ ಕಾರ್ಡು.

"ಆಧಾರ್ ಫೋಟೋ ಮಾತ್ರ ಬೇಡ ಅಣ್ಣ," ಎಂದಳು ಮಂಜುಳಾ. "ಅದ್ರಲ್ಲಿ ಅವರು ಯಾರಿಗೋ ಹೆದರ್ಕೊಂಡಿರೋ ಥರ ಇದಾರೆ. ಜೀವಮಾನ ಪೂರ್ತಿ ಅದನ್ನ ನೋಡ್ಕೊಂಡಿರೋಕೆ ನನ್ನ ಕೈಲಾಗಲ್ಲ."

ನನಗೆ ಆತಂಕವೇನೂ ಇರಲಿಲ್ಲ. ಸ್ಟುಡಿಯೋದಲ್ಲಿ ಇಷ್ಟು ವರ್ಷದ ಆಲ್ಬಂ ತುಂಬಿದ ಹನ್ನೊಂದು ಹಾರ್ಡ್ ಡಿಸ್ಕ್ ಇದ್ದವು, ಎಲ್ಲಾದರೂ ಸಿಕ್ಕೇ ಸಿಗುತ್ತಾನೆ ಎಂದುಕೊಂಡು ಕೂತೆ. ಶನಿವಾರ, ಭಾನುವಾರ, ಸೋಮವಾರ ಮೂರು ದಿನ ನೋಡಿದೆ. ಕಣ್ಣು ಉರಿಯಿತು. ಅವನ ಮೊಣಕೈ ಸಿಕ್ಕಿತು, ಬೆನ್ನು ಸಿಕ್ಕಿತು, ಅವನ ಲೈಟು ಮದುಮಗಳ ಕೆನ್ನೆಗೆ ಬಿದ್ದದ್ದು ಸಿಕ್ಕಿತು. ಮುಖ ಮಾತ್ರ ಇಲ್ಲ. ಒಂದು ಫೋಟೋದಲ್ಲಂತೂ ಧಾರೆಯ ಪಕ್ಕ ಬಾಳೆಕಂಬ ಎರಡು ಪಟ್ಟು ದಪ್ಪ ಇತ್ತು. ಅದರ ಹಿಂದೆ ಯಾರಿದ್ದಾರೆಂದು ನನಗೆ ಮಾತ್ರ ಗೊತ್ತು. ಅಷ್ಟು ಅಚ್ಚುಕಟ್ಟಾಗಿ ಮುಚ್ಚಿದ್ದೆ. ಹಾಗೆ ಮುಚ್ಚಿದ ನನ್ನ ಕೈಗಳನ್ನು ಕಂಡು ನನಗೇ ಅಸಹ್ಯವಾಯಿತು.

ಮಂಗಳವಾರ ಮಧ್ಯಾಹ್ನ ನನ್ನ ಹೆಂಡತಿ ಗೀತಾ ಊಟದ ಡಬ್ಬಿ ತಂದಳು. "ಛತ್ರದ ಫೋಟೋ ಯಾಕ್ರೀ ಹುಡುಕ್ತೀರಾ? ನಮ್ಮ ಟ್ರಿಪ್ ಫೋಟೋ ಇದಾವಲ್ಲ, ಹದಿನೇಳು ವರ್ಷದ್ದು," ಎಂದಳು.

ಇದು ನನಗೇಕೆ ಹೊಳೆಯಲಿಲ್ಲ ಎಂದುಕೊಂಡು ಆ ಡಿಸ್ಕ್ ತೆಗೆದೆ. ಮನೆಯ ಫೋಟೋ ಒಂದನ್ನೂ ನಾನು ಅಳಿಸಿರಲಿಲ್ಲ. ಇಬ್ಬರೂ ಪಕ್ಕದಲ್ಲಿ ಕೂತು ನೋಡಿದೆವು. ತಲಕಾಡಿನ ಮರಳಿನಲ್ಲಿ ನಾನು, ಗೀತಾ, ಮಂಜುಳಾ, ಮಕ್ಕಳು. ಚಿತ್ರದುರ್ಗದ ಬಂಡೆಯ ಮೇಲೆ ನಾನು ಕೈ ಚಾಚಿ ಮಲಗಿದ್ದು. ಮೇಲುಕೋಟೆಯಲ್ಲಿ ಪುಳಿಯೋಗರೆ ಪೊಟ್ಟಣ ಬಿಚ್ಚುತ್ತಿರುವ ನಾನು. ಒಂದಾದ ಮೇಲೊಂದು ವರ್ಷದ ಫೋಲ್ಡರ್ ತೆರೆಯುತ್ತಾ ಹೋದೆ.

"ಎಲ್ಲದ್ರಲ್ಲೂ ನೀವೇ ಇದೀರಲ್ರೀ," ಎಂದಳು ಗೀತಾ, ಮೆಲ್ಲಗೆ.

ಹೌದು, ನಾನೇ ಇದ್ದೆ. ಪ್ರತಿ ಪ್ರವಾಸದಲ್ಲೂ ಬಸ್ಸೋ ರೈಲೋ ಹತ್ತಿದ ಕೂಡಲೇ ನಾನು ಕ್ಯಾಮೆರಾ ಬ್ಯಾಗನ್ನು ಲೋಕೇಶನ ತೊಡೆಯ ಮೇಲೆ ಹಾಕಿ, "ನಾನು ಮುಟ್ಟಲ್ಲ ಕಣೋ, ವರ್ಷ ಪೂರ್ತಿ ಸಾಕಾಗಿದೆ," ಎನ್ನುತ್ತಿದ್ದೆ. ಅವನಿಗೂ ಅಷ್ಟೇ ಸಾಕಾಗಿತ್ತು. ನಾನು ಹಾಜರಾದ ಪ್ರತಿ ಮದುವೆಗೆ ಅವನೂ ಹಾಜರಾಗಿದ್ದ, ನನಗಿಂತ ಭಾರ ಹೊತ್ತು. ಆದರೂ ಒಮ್ಮೆಯೂ, ಒಂದೇ ಒಂದು ಸಲವೂ, "ಇಲ್ಲ, ಈ ಸಲ ನೀನು ತೆಗಿ," ಎನ್ನಲಿಲ್ಲ. ನಾನೂ ಕೇಳಲಿಲ್ಲ. ಕೆಲಸದಲ್ಲಿ ಅವನನ್ನು ಒರೆಸಿಹಾಕಿದ್ದೆ, ರಜೆಯಲ್ಲಿ ಕ್ಯಾಮೆರಾದ ಹಿಂದೆ ನಿಲ್ಲಿಸಿದ್ದೆ. ಅವತ್ತು ಹೆಂಡತಿಯ ಎದುರು ಅತ್ತೆ. ಸಮಾಧಿಯ ಹತ್ತಿರವೂ ಅಷ್ಟು ಅತ್ತಿರಲಿಲ್ಲ.

ಗೀತಾ ತಟ್ಟೆಗೆ ಅನ್ನ ಹಾಕುತ್ತಾ ಕೇಳಿದಳು: "ನೀವು ಅವರ ಕಡೆ ಕ್ಯಾಮೆರಾ ತಿರುಗಿಸಿದ್ದೇ ಇಲ್ವಾ?"

ತಿರುಗಿಸಿದ್ದೆ. ಪ್ರತಿ ಮದುವೆಯಲ್ಲೂ.

ಟೆಸ್ಟ್ ಶಾಟ್ ಎಂದು ನಮ್ಮಲ್ಲಿ ಒಂದಿದೆ. ಗಂಡು-ಹೆಣ್ಣು ಮಂಟಪಕ್ಕೆ ಬರುವ ಮುಂಚೆ ಫ್ಲಾಶಿನ ಬೆಳಕು ಎಷ್ಟಿರಬೇಕೆಂದು ನೋಡಿಕೊಳ್ಳಬೇಕು. ಗೋಡೆಗೆ ಹೊಡೆದು ನೋಡಿದರೆ ಉಪಯೋಗವಿಲ್ಲ, ಮನುಷ್ಯನ ಮುಖವೇ ಬೇಕು. "ಬಾರೋ ಮದುಮಗನೇ," ಎಂದು ನಾನು ಕರೆಯುವುದು, ಲೋಕೇಶ ಹೋಗಿ ಗಂಡಿನ ಜಾಗದಲ್ಲಿ ನಿಲ್ಲುವುದು, ನಾನು ಏಳೆಂಟು ಫೋಟೋ ಹೊಡೆಯುವುದು. ಮೆಮೊರಿ ಕಾರ್ಡಿನಲ್ಲಿ ಮೊದಲು ಬೀಳುವುದು ಅವನೇ. ಸ್ಟುಡಿಯೋದಲ್ಲಿ ಫೋಟೋ ಆರಿಸಲು ಕೂತಾಗ ಮೊದಲು ಅಳಿಸುವುದೂ ಅವನನ್ನೇ. ಸಾವಿರ ಮದುವೆಯಲ್ಲಿ ಎಂಟೆಂಟು ಸಲ ತೆಗೆದು, ಎಂಟೆಂಟು ಸಲ ಅಳಿಸಿದ್ದೆ.

ಅಳಿಸದೆ ಬಿಟ್ಟ ಮದುವೆ ಯಾವುದಾದರೂ ಇದೆಯೇ? ತುತ್ತು ಕೈಯಲ್ಲೇ ಇತ್ತು, ಒಂದು ನೆನಪಾಯಿತು. ಎರಡು ವರ್ಷದ ಹಿಂದೆ ವಿಜಯನಗರದ ಒಂದು ಛತ್ರದಲ್ಲಿ ಮಾಡಿದ್ದು. ನಾನು ಫೋಟೋಗಳನ್ನು ಆರಿಸಲು ಕೂರುವ ಮೊದಲೇ ಗಂಡ ಹೆಂಡತಿ ಬೇರೆಯಾಗಿದ್ದರು. ಫೋನ್ ಮಾಡಿದರೆ ಹೆಣ್ಣಿನ ತಂದೆ, "ಆ ಫೋಟೋ ಇನ್ನು ಯಾರಿಗೂ ಬೇಡ ಸಾರ್, ಡಿಲೀಟ್ ಮಾಡ್ಬಿಡಿ," ಎಂದಿದ್ದರು. ಆಯಿತು ಎಂದಿದ್ದೆ. ಮಾಡಲಿಲ್ಲ. ಕರುಣೆಯಿಂದಲ್ಲ, ಸೋಮಾರಿತನದಿಂದ.

ಆಲ್ಬಂ ಆಗದ್ದರಿಂದ ಹುಡುಕುವಾಗ ತೆರೆಯದೇ ಬಿಟ್ಟಿದ್ದ ಆ ಫೋಲ್ಡರ್ ಏಳನೆಯ ಡಿಸ್ಕಿನಲ್ಲಿ ಹಾಗೇ ಇತ್ತು. ಎರಡು ಸಾವಿರಕ್ಕೂ ಮೇಲೆ ಫೋಟೋ. ಮೊದಲ ಒಂಬತ್ತು ಲೋಕೇಶ. ಮೂರರಲ್ಲಿ ಕಣ್ಣು ಮುಚ್ಚಿದ್ದ, ಎರಡರಲ್ಲಿ ಬೆಳಕು ಜಾಸ್ತಿ, ಎರಡರಲ್ಲಿ ಕಮ್ಮಿ, ಒಂದರಲ್ಲಿ ಆಕಳಿಸುತ್ತಿದ್ದ. ಏಳನೆಯದು ಸರಿಯಾಗಿತ್ತು. ಮಂಟಪದ ಮಧ್ಯೆ ನಿಂತಿದ್ದಾನೆ, ಭುಜದ ಮೇಲೆ ವೈರಿನ ಸುರುಳಿ, ಕೈಯಲ್ಲಿ ಲೈಟು, ನೇರ ನನ್ನನ್ನೇ ನೋಡಿ ಬಾಯಿ ತುಂಬ ನಗುತ್ತಿದ್ದಾನೆ.

ಮಾರನೆಯ ದಿನ ಲ್ಯಾಪ್‌ಟಾಪ್ ತೆಗೆದುಕೊಂಡು ಅವನ ಮನೆಗೆ ಹೋದೆ. ಸೂತಕದ ಮನೆ, ಮಂಜುಳಾ ಹೊರಗೆ ಬರುವಂತಿರಲಿಲ್ಲ. ಫೋಟೋ ತೆರೆದು ಅವಳ ಮುಂದಿಟ್ಟೆ. ಬಹಳ ಹೊತ್ತು ನೋಡಿದಳು.

"ಏನಕ್ಕಣ್ಣ ಇಷ್ಟು ನಗ್ತಾ ಇದಾರೆ?"

"ಅದೇ ಹಳೇ ತಮಾಷೆ ಕಣಮ್ಮ. ಗಂಡಿನ ಜಾಗದಲ್ಲಿ ನಿಲ್ಲಿಸಿದಾಗೆಲ್ಲ, 'ಹೆಣ್ಣೆಲ್ಲಿ ಗುರು?' ಅಂತಿದ್ದ. ಇಪ್ಪತ್ತೆರಡು ವರ್ಷ ಅದೊಂದೇ."

ಮಂಜುಳಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮನೇಲಿ ಇಡ್ಲಿಗೆ ರುಬ್ತಾ ಇದಾಳೆ ಅನ್ಬೇಕಿತ್ತು ನೀವು," ಎಂದಳು. ನಕ್ಕಳು, ಆಮೇಲೆ ನಗು ಅಳುವಾಯಿತು. ಚೈತ್ರ ಅವಳನ್ನು ಹಿಡಿದುಕೊಂಡಳು.

ನಾನು ಫೋಟೋ ಸರಿಮಾಡಲು ಕೂತೆ. ಹಿಂದೆ ಥರ್ಮಾಕೋಲಿನಲ್ಲಿ ಬರೆದಿದ್ದ ಗಂಡು-ಹೆಣ್ಣಿನ ಹೆಸರು ತೆಗೆದೆ, ಅದು ಇರಬಾರದಿತ್ತು. ಹಾಗೆಯೇ ಕೈ ತನ್ನ ಪಾಡಿಗೆ ಭುಜದ ವೈರಿನ ಕಡೆ ಹೋಯಿತು. ಅಂಗಿಯ ಬಣ್ಣವನ್ನು ಅದರ ಮೇಲೆ ಎಳೆಯತೊಡಗಿದೆ. ಅರ್ಧ ಸುರುಳಿ ಮಾಯವಾಗಿತ್ತು.

"ಅದನ್ಯಾಕೆ ತೆಗೀತೀರಾ ಅಣ್ಣ?" ಎಂದಳು ಮಂಜುಳಾ. "ಅದೂ ಅವರೇ ಅಲ್ವಾ?"

ಕೈ ಅಲ್ಲೇ ನಿಂತಿತು. ಅಳಿಸಿದ್ದ ಸುರುಳಿಯನ್ನು ಪೂರ್ತಿ ವಾಪಸ್ ತಂದೆ. ಲೋಕೇಶನ ಅಣ್ಣ ಅಲ್ಲೇ ಕೂತಿದ್ದರು. ತಿಥಿ ಫೋಟೋಗೆ ಮದುವೆ ಮಂಟಪ ಚೆನ್ನಾಗಿರುವುದಿಲ್ಲ, ಎಲ್ಲರ ಹಾಗೆ ಹಿಂದೆ ನೀಲಿ ಹಾಕಿಸಿ ಎಂದರು. ಅವರದ್ದೂ ತಪ್ಪಲ್ಲ. ನಾನು ಮಂಜುಳಾಳ ಮುಖ ನೋಡಿದೆ.

"ಬೇಡ ಭಾವ," ಎಂದಳು. "ಅವರು ದಿನಾ ಹೋಗಿ ನಿಲ್ತಿದ್ದಿದ್ದೇ ಅಲ್ಲಿ. ಅಲ್ಲೇ ಇರ್ಲಿ."

ಹನ್ನೊಂದನೆಯ ದಿನ ಆ ಫೋಟೋಗೇ ಹಾರ ಹಾಕಿದರು. ವೈರಿನ ಸುರುಳಿಯ ಮೇಲೆ ಸುಗಂಧರಾಜದ ಹಾರ. ಮಾಗಡಿ ರಸ್ತೆಯ ಆಚೀಚೆ ಕೆಲಸ ಮಾಡುವ ಫೋಟೋದವರು, ಅಡುಗೆಯವರು, ವಾಲಗದವರು, ಶಾಮಿಯಾನದವರು ಸುಮಾರು ಎಂಬತ್ತು ಜನ ಬಂದಿದ್ದರು. ಒಬ್ಬೊಬ್ಬರೂ ಕೈ ಮುಗಿಯುವ ಮೊದಲು ಒಂದು ಗಳಿಗೆ ನಗುತ್ತಿದ್ದರು. ಎಲೆಯ ಮುಂದೆ ಕೂತಾಗ ನನಗೆ ಊಟ ಸೇರಲಿಲ್ಲ. ಆದರೂ ಎದೆ ಸ್ವಲ್ಪ ಹಗುರಾಗಿತ್ತು.

ಈ ಕಸುಬು ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ ನನಗೆ ದೊಡ್ಡ ಮಾತು ಬರುವುದಿಲ್ಲ. ಯಾರನ್ನಾದರೂ ಫೋಟೋದಿಂದ ತೆಗೆಯುವ ಮುಂಚೆ ಅವರು ಯಾರೆಂದು ಒಂದು ಸಲ ನೋಡಬೇಕು, ಅಷ್ಟೆ. ಈಗ ಮದುವೆ ಕಡಿಮೆ ಮಾಡಿದ್ದೇನೆ. ಒಪ್ಪಿಕೊಂಡ ಮದುವೆಗಳ ಟೆಸ್ಟ್ ಶಾಟ್ ಅಳಿಸುವುದಿಲ್ಲ. ವಿಡಿಯೋದವರು, ಅಡುಗೆಯವರು ಯಾರೇ ನಿಂತಿರಲಿ, ಅವರ ಮೊಬೈಲಿಗೆ ಒಂದು ಕಳಿಸುತ್ತೇನೆ. ಅದಕ್ಕೊಂದು ಡಿಸ್ಕ್ ಬೇರೆ ಇಟ್ಟಿದ್ದೇನೆ.

ಈ ವರ್ಷದ ಆಷಾಢದಲ್ಲಿ ವರ್ಷದ ತಿಥಿ ಮುಗಿದ ವಾರಕ್ಕೆ, "ಅವರು ನೋಡ್ಬೇಕು ಅಂತಿದ್ರು, ಹೋಗ್ಬರೋಣ," ಎಂದು ಮಂಜುಳಾಳೇ ಹೇಳಿದಳು. ಬಾದಾಮಿಗೆ ಹೋದೆವು. ರೈಲು ಹತ್ತಿದ ಮೇಲೆ ಬ್ಯಾಗನ್ನು ನನ್ನ ತೊಡೆಯ ಮೇಲೇ ಇಟ್ಟುಕೊಂಡೆ. ಗುಹೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮಂಡಿ ಕಿತ್ತುಬರುತ್ತಿತ್ತು. ಮೇಲೆ ಹೋಗಿ ಎಲ್ಲರನ್ನೂ ನಿಲ್ಲಿಸಿ ತೆಗೆದೆ. ಚೈತ್ರ ಓಡಿಬಂದು ಕ್ಯಾಮೆರಾಗೆ ಕೈ ಚಾಚಿದಳು.

"ಅಂಕಲ್, ನೀವು ಹೋಗಿ ನಿಂತ್ಕೊಳ್ಳಿ, ನಾನು ತೆಗೀತೀನಿ. ನೀವು ಒಂದ್ರಲ್ಲೂ ಇಲ್ಲ."

"ಇರ್ಲಿ ಕಣಮ್ಮ," ಎಂದೆ. "ನಿಮ್ಮಪ್ಪ ಹದಿನೇಳು ವರ್ಷ ತೆಗ್ದಿದಾನೆ. ನಂದು ಈಗ ಒಂದಾಯ್ತು."

ಇನ್ನೂ ಹದಿನಾರು ಆಷಾಢ ಇವೆ. ಮಂಡಿ ಒಪ್ಪಬೇಕು.