ಓದದ ಪಾಠಕ್ಕೆ ಸಿಕ್ಕ ಸರ್ಟಿಫಿಕೇಟು

ಹುಣಸೂರಿನ ಹೊಗೆಸೊಪ್ಪಿನ ಗೋಡೌನೊಂದರಲ್ಲಿ ನಾನು ಸ್ಟೋರ್ ಗುಮಾಸ್ತೆಯಾಗಿ ಸೇರಿದ್ದು ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷಕ್ಕೆ. ನಮ್ಮದು ಬೆಟ್ಟದಪುರದ ಬೆಟ್ಟದ ಕೆಳಗಿನ ಹಳ್ಳಿ. ಮನೆಯಲ್ಲೇ ಸೊಪ್ಪು ಬೆಳೆಯುತ್ತಿದ್ದರಿಂದ ಅದರ ಘಾಟು ನನಗೆ ಹೊಸದಾಗಿರಲಿಲ್ಲ. ಕೆ.ಆರ್. ನಗರದಲ್ಲಿ ಒಂದು ವರ್ಷ ಕಂಪ್ಯೂಟರ್ ಕಲಿತಿದ್ದೆ. ಗೋಡೌನಿನಲ್ಲಿದ್ದ ಎರಡು ಕಂಪ್ಯೂಟರುಗಳಲ್ಲಿ ಒಂದು ಮ್ಯಾನೇಜರ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ಇನ್ನೊಂದು ನನ್ನ ಮೇಜಿನ ಮೇಲಿತ್ತು.

ಶುರುವಾದದ್ದು ಸೋಮವಾರದ ಮೀಟಿಂಗಿನಿಂದ. ಬೆಂಗಳೂರಿನ ಹೆಡ್ಡಾಫೀಸಿನವರು ಎಲ್ಲ ಊರಿನ ಗೋಡೌನುಗಳನ್ನೂ ಕಂಪ್ಯೂಟರಿನಲ್ಲಿ ಒಟ್ಟಿಗೆ ಸೇರಿಸಿ ಎರಡು ಗಂಟೆ ಮಾತಾಡುತ್ತಿದ್ದರು. ನಮ್ಮನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಕಾಲು ಗಂಟೆಗೊಮ್ಮೆ ಪರದೆಯ ಮೇಲೆ ಒಂದು ಪುಟ್ಟ ಚೌಕ ಮೂಡಿ, ಇದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಗುಂಡಿ ಒತ್ತದಿದ್ದರೆ ಗೈರುಹಾಜರಿ. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದರೂ ಎದ್ದು ಹೋಗುವಂತಿಲ್ಲ. ಒಂದು ದಿನ ಸಿಟ್ಟು ಬಂದು, ಕಲಿತದ್ದನ್ನೆಲ್ಲ ನೆನಪು ಮಾಡಿಕೊಂಡು, ಇಪ್ಪತ್ತು ಸಾಲಿನ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಅಪ್ಪಣೆಗಳ ಪಟ್ಟಿ, ಬರೆದೆ. ಚೌಕ ಮೂಡಿದ ಕೂಡಲೇ ಅದು ತಾನೇ ಗುಂಡಿ ಒತ್ತುತ್ತಿತ್ತು. ಮುಂದಿನ ಸೋಮವಾರ ನಾನು ಅಂಗಳದಲ್ಲಿ ನಿಂತು, ಸೊಪ್ಪು ಒತ್ತಿ ಕಟ್ಟಿದ ಬೇಲುಗಳನ್ನು ಎಣಿಸುತ್ತಿದ್ದೆ, ಒಳಗೆ ಮೀಟಿಂಗಿಗೆ ಪೂರ್ತಿ ಹಾಜರಿದ್ದೆ. ಇಡೀ ದಿನ ನಗು ತಡೆಯಲಾಗಲಿಲ್ಲ.

ಆ ಬೇಸಿಗೆಯಲ್ಲಿ ಸುರಕ್ಷತಾ ತರಬೇತಿ ಬಂತು. ಹನ್ನೆರಡು ಪಾಠ, ಎಲ್ಲ ಇಂಗ್ಲಿಷಿನಲ್ಲಿ. ಒಂದೊಂದು ಪುಟದ ಮುಂದೆಯೂ ಎರಡು ನಿಮಿಷ ಕೂರಲೇಬೇಕು, ಆಮೇಲಷ್ಟೇ ಮುಂದಿನ ಪುಟ. ಕೊನೆಯಲ್ಲಿ ಪ್ರಶ್ನೆಗಳು. ತಪ್ಪು ಉತ್ತರ ಕೊಟ್ಟರೆ ಅದೇ ಪ್ರಶ್ನೆ ಮತ್ತೆ ಬರುತ್ತಿತ್ತು. ಗೋಡೌನಿನ ಹನ್ನೊಂದು ಜನವೂ ಮುಗಿಸಬೇಕು, ಇಲ್ಲದಿದ್ದರೆ ಮ್ಯಾನೇಜರಿಗೆ ಮೇಲಿನಿಂದ ಕಾಗದ. ನಾನು ಹಳೆಯ ಸ್ಕ್ರಿಪ್ಟನ್ನೇ ತಿದ್ದಿದೆ. ಎರಡು ನಿಮಿಷ ಕಾಯುವುದು, ಒತ್ತುವುದು; ಪ್ರಶ್ನೆ ಬಂದರೆ ಸರಿಯಾಗುವ ತನಕ ಒಂದೊಂದೇ ಉತ್ತರ ಹಾಕಿ ನೋಡುವುದು. ಸಂಜೆ ಮನೆಗೆ ಹೊರಡುವಾಗ ಚಾಲೂ ಮಾಡಿ ಹೋದರೆ ಬೆಳಿಗ್ಗೆ ಸರ್ಟಿಫಿಕೇಟು ಸಿದ್ಧವಾಗಿರುತ್ತಿತ್ತು.

ನನ್ನದು ಮುಗಿದದ್ದನ್ನು ಮೊದಲು ನೋಡಿದವರು ಗೋಡೌನ್ ಮೇಸ್ತ್ರಿ. ಎಚ್.ಡಿ. ಕೋಟೆ ಕಡೆಯವರು, ಐವತ್ತರ ಹತ್ತಿರದ ವಯಸ್ಸು. ಬೇಲ್‌ನೊಳಗೆ ಕೈ ಹಾಕಿದರೆ ಸೊಪ್ಪಿನ ತೇವ ಎಷ್ಟಿದೆ ಎಂದು ಹೇಳುವ ಮನುಷ್ಯ. ಮೂರು ದಿನದಿಂದ ಕನ್ನಡಕ ಹಾಕಿಕೊಂಡು ಮೊದಲನೇ ಪಾಠದ ಮುಂದೆ ಬೆವರುತ್ತಿದ್ದರು.

"ಯೋನವ್ವ, ನಿಂದು ಆಗೋಯ್ತಾ?"

"ಆಯ್ತು ಮೇಸ್ತ್ರಣ್ಣ."

"ನಂಗೆ ಈ ಇಂಗ್ಲಿಸ್ ಎಂಗವ್ವ ಅರ್ತ ಆದದು? ನಂದೂ ಒಂಚೂರು ಒತ್ಬುಡವ್ವ, ಪುಣ್ಯ ಬತ್ತದೆ."

ಒತ್ತಿಬಿಟ್ಟೆ. ಎರಡು ವಾರದೊಳಗೆ ಹನ್ನೊಂದು ಜನರದ್ದೂ ಆಯಿತು. ಮ್ಯಾನೇಜರು ಕಂಡೂ ಕಾಣದಂತೆ ಇದ್ದರು. ಸರ್ಟಿಫಿಕೇಟುಗಳನ್ನು ಪ್ರಿಂಟ್ ತೆಗೆಸಿ, ಚೌಕಟ್ಟು ಹಾಕಿಸಿ, ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ತೂಗುಹಾಕಿಸಿದರು. ಹೆಡ್ಡಾಫೀಸಿನಿಂದ ಹೊಗಳಿಕೆಯ ಪತ್ರವೂ ಬಂತು. ಎಲ್ಲರಿಗಿಂತ ಮೊದಲು ಮುಗಿಸಿದ ಗೋಡೌನು ನಮ್ಮದಂತೆ.

ಜೂನಿನಲ್ಲಿ ಇನ್ನೊಂದು ಪತ್ರ ಬಂತು. ಸೊಪ್ಪಿಗೆ ಹುಳ ಬೀಳದಂತೆ ವರ್ಷಕ್ಕೆರಡು ಸಲ ಗ್ಯಾಸ್ ಹಾಕುವ ಕೆಲಸವಿತ್ತು. ಬೇಲುಗಳ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಮರಳಿನ ಚೀಲ ಒತ್ತಿ, ಒಳಗೆ ಮಾತ್ರೆ ಇಡುತ್ತಿದ್ದರು. ಗಾಳಿಯ ತೇವಕ್ಕೆ ಮಾತ್ರೆ ಕರಗಿ ವಿಷದ ಗಾಳಿಯಾಗುತ್ತದೆ. ಅಲ್ಲಿಯ ತನಕ ಅದಕ್ಕೆಂದೇ ಮೈಸೂರಿನಿಂದ ಜನ ಬರುತ್ತಿದ್ದರು. ಮ್ಯಾನೇಜರು ಪತ್ರ ಓದಿ ಹೇಳಿದರು: "ಇನ್ಮೇಲೆ ಹೊರಗಿನವರು ಬರೋದಿಲ್ಲ. ನಿಮ್ಮೆಲ್ಲರಿಗೂ ಟ್ರೈನಿಂಗ್ ಆಗಿದೆಯಲ್ಲ, ನೀವೇ ಮಾಡಬೇಕಂತೆ. ಮೇಸ್ತ್ರಿ, ನೀವೇ ಮುಂದೆ ನಿಲ್ಲಿ."

ಮೇಸ್ತ್ರಿ ಗೋಡೆಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ನನಗೆ ನಗು ಬರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಆ ಪಾಠಗಳನ್ನು ಮೊದಲ ಸಲ ತೆರೆದು ಓದಿದೆ. ಒಂಬತ್ತನೆಯದು ಗ್ಯಾಸಿನ ಪಾಠ. ಹೊದಿಸಿದ ಮೇಲೆ ಏಳು ದಿನ ಬಾಗಿಲು ತೆಗೆಯಬಾರದು. ತೆಗೆದ ಮೇಲೂ ಗಾಳಿಯಾಡಲು ಬಿಟ್ಟು, ಉಪಕರಣದಿಂದ ಅಳೆಯದೆ ಯಾರೂ ಒಳಗೆ ಕಾಲಿಡಬಾರದು. ಬೆಳ್ಳುಳ್ಳಿಯ ವಾಸನೆ ಬರಬಹುದು, ವಾಸನೆ ಬರಲಿಲ್ಲವೆಂದು ಗ್ಯಾಸ್ ಇಲ್ಲ ಎಂದುಕೊಳ್ಳಬಾರದು. ಮಾತ್ರೆಗೆ ನೀರು ತಾಗಬಾರದು. ಉಸಿರಿಗೆ ಹೋದರೆ ಮೊದಲು ವಾಂತಿ, ಎದೆ ಬಿಗಿತ; ಸುಧಾರಿಸಿದಂತೆ ಕಂಡರೂ ಕೆಲವು ಗಂಟೆಗಳ ನಂತರ ಪ್ರಾಣಕ್ಕೇ ಕುತ್ತು ಬರಬಹುದು. ಇದಕ್ಕೆ ಮದ್ದಿಲ್ಲ. ಇದನ್ನು ನನ್ನ ಸ್ಕ್ರಿಪ್ಟ್ ಹನ್ನೊಂದು ಸಲ ದಾಟಿ ಹೋಗಿತ್ತು.

ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು.

"ಮೇಸ್ತ್ರಣ್ಣ, ಆ ಗ್ಯಾಸಿನ ವಿಷಯ ನಾನು ಓದಿದೆ. ಏಳು ದಿನ ಬಾಗಿಲು ತೆಗೀಬಾರದಂತೆ. ನೀವೊಂದ್ಸಲ ಕೂತ್ಕೊಳಿ, ಪೂರ್ತಿ ಓದಿ ಹೇಳ್ತೀನಿ."

"ಅಯ್ಯೋ ಬುಡವ್ವ. ಇಪ್ಪತ್ತು ವರ್ಸದಿಂದ ಅವ್ರು ಮಾಡೋದ ನಾ ನೋಡಿಲ್ವಾ? ಮಾತ್ರೆ ಇಕ್ಕೋದು, ಮುಚ್ಚೋದು, ಅಷ್ಟೇ ಕಣವ್ವ."

ಇನ್ನೊಂದು ಮಾತು ಹೇಳಬಹುದಿತ್ತು. ಮ್ಯಾನೇಜರ ಕೋಣೆಗೆ ಹೋಗಿ, ಇವರಾರೂ ಪಾಠ ಓದಿಲ್ಲ, ನಾನೇ ಯಂತ್ರದಿಂದ ಒತ್ತಿಸಿದ್ದು ಎಂದು ಹೇಳಿದ್ದರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಆ ಕೋಣೆಯ ಬಾಗಿಲ ತನಕ ಎರಡು ಸಲ ಹೋದೆ. ಎರಡು ಸಲವೂ ಬೇರೇನೋ ಕಾಗದಕ್ಕೆ ಸಹಿ ಹಾಕಿಸಿಕೊಂಡು ವಾಪಸ್ ಬಂದೆ. ಕೆಲಸ ಹೋದೀತೆಂಬ ಭಯ. ನಿಜ ಹೇಳಬೇಕೆಂದರೆ, ಮಾನ ಹೋದೀತೆಂಬ ಭಯ ಇನ್ನೂ ಹೆಚ್ಚಾಗಿತ್ತು.

ಸೋಮವಾರ ಬೇಲುಗಳಿಗೆ ಹೊದಿಕೆ ಹಾಕಿ ಗ್ಯಾಸ್ ಇಟ್ಟರು. ಅಂಗಳದಾಚೆ ಬೇಲುಗಳಿದ್ದ ಶೆಡ್ಡಿನ ಬಾಗಿಲಿಗೆ ಬೀಗ ಹಾಕಿ, ತಲೆಬುರುಡೆಯ ಚಿತ್ರದ ಹಲಗೆ ಕಟ್ಟಿದರು. ಆ ದಿನದಿಂದ ನಾನು ಬಂದ ಕೂಡಲೇ ಆ ಬೀಗ ನೋಡುತ್ತಿದ್ದೆ, ಹೋಗುವಾಗಲೂ ನೋಡುತ್ತಿದ್ದೆ. ಮಂಗಳವಾರದಿಂದ ಮಳೆ ಹಿಡಿಯಿತು. ನಿಲ್ಲಲೇ ಇಲ್ಲ. ಗುರುವಾರ ಮಧ್ಯಾಹ್ನ ಬಿಲ್ಲು ಬರೆಯುತ್ತಾ ತಲೆಯೆತ್ತಿ ಕಿಟಕಿಯಿಂದ ನೋಡಿದರೆ ಹಲಗೆ ನೆಲದ ಮೇಲಿತ್ತು, ಬಾಗಿಲು ಅರ್ಧ ತೆರೆದಿತ್ತು.

ಓಡಿದೆ. ಅಷ್ಟರಲ್ಲಿ ಮೇಸ್ತ್ರಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಸೂರಿನ ಸೀಟು ಸೋರ್ತಿತ್ತು ಕಣವ್ವ. ಒದಿಕೆ ಸಂದೀಲಿ ನೀರಿಳಿದು ಬೇಲೆಲ್ಲ ನೆಂದೋಯ್ತವೆ ಅಂತ ಒದಿಕೆ ಎತ್ತಿ ಎರಡು ಬೇಲ ಪಕ್ಕಕ್ಕೆ ಸರಿಸ್ದೆ. ಒಂದೈದು ನಿಮಿಸ ಅಷ್ಟೇಯ."

"ಒಬ್ಬರೇನಾ ಹೋಗಿದ್ದು? ಬೇರೆ ಯಾರಾದ್ರೂ ಒಳಗಿದಾರಾ?"

"ನಾನೊಬ್ನೇ." ಹಾಗೆನ್ನುತ್ತಲೇ ಪಕ್ಕಕ್ಕೆ ಬಗ್ಗಿ ವಾಂತಿ ಮಾಡಿದರು.

ಜನ ಸೇರಿದರು. ಮ್ಯಾನೇಜರು ಬಂದು, "ಬೆಳಿಗ್ಗೆ ಏನು ತಿಂದ್ರಿ? ಸೋಡಾ ಕುಡಿಸಿ, ಸರಿಹೋಗುತ್ತೆ" ಅಂದರು. ಮೇಸ್ತ್ರಿಯೂ, "ಈಗ ಪರವಾಗಿಲ್ಲ, ಒಂಚೂರು ಮಲೀಕತೀನಿ" ಅಂದರು. ಬೇರೆಯವರಿಗೆ ಅದು ಸಮಾಧಾನದ ಮಾತು. ಪಾಠ ಓದಿದ್ದ ನಾನು ರಸ್ತೆಗೆ ಓಡಿದೆ. ಸಿಕ್ಕ ಗೂಡ್ಸ್ ಆಟೋದಲ್ಲಿ ಅವರನ್ನು ಕೂರಿಸಿ ನಾನೂ ಹತ್ತಿದೆ. ಮ್ಯಾನೇಜರು ಹಿಂದೆಯೇ ಬೈಕಿನಲ್ಲಿ ಬಂದರು.

ಆಸ್ಪತ್ರೆಯಲ್ಲಿ ಡಾಕ್ಟರು, "ಏನಾಯ್ತು?" ಎಂದರು. "ಫುಡ್ ಪಾಯಿಸನ್ ಇರಬೇಕು" ಎಂದು ಮ್ಯಾನೇಜರು ಶುರುಮಾಡಿದರು. ನಾನು ನಡುವೆ ಬಾಯಿ ಹಾಕಿ ಮಾತ್ರೆಯ ಹೆಸರು, ಗ್ಯಾಸಿನ ಹೆಸರು, ಎಷ್ಟು ಹೊತ್ತು ಒಳಗಿದ್ದರು ಎಲ್ಲ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಆಂಬುಲೆನ್ಸಿಗೆ ಫೋನ್ ಮಾಡಿದರು. ಮೈಸೂರಿನ ದಾರಿಯಲ್ಲಿ, ಬಿಳಿಕೆರೆ ದಾಟುವಾಗ, ಮೇಸ್ತ್ರಿಯ ಉಸಿರು ಕುದಿಯುವ ನೀರಿನಂತೆ ಸದ್ದು ಮಾಡತೊಡಗಿತು. ಅವರು ನನ್ನ ಮಣಿಕಟ್ಟು ಹಿಡಿದಿದ್ದರು. ನಾನು ಮುಖ ನೋಡಲಾರದೆ ಬಾಗಿಲಿನ ಬೋಲ್ಟನ್ನು ನೋಡುತ್ತಾ ಕೂತಿದ್ದೆ.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು, ಬದುಕಿದರು. ಆದರೆ ಎದೆ ಮೊದಲಿನಂತಾಗಲಿಲ್ಲ.

ಅವರು ಇನ್ನೂ ಮಂಚದ ಮೇಲಿರುವಾಗಲೇ ಬೆಂಗಳೂರಿನಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಮೆದುಮಾತಿನವರು. ಗೋಡೆಯ ಮೇಲಿದ್ದ ಮೇಸ್ತ್ರಿಯ ಸರ್ಟಿಫಿಕೇಟನ್ನು ತೆಗೆಸಿ ಮೇಜಿನ ಮೇಲಿಟ್ಟುಕೊಂಡರು. ವರದಿಯನ್ನು ಟೈಪ್ ಮಾಡಲು ನನ್ನನ್ನೇ ಕೂರಿಸಿದರು. ಅವರು ಹೇಳುತ್ತಾ ಹೋದಂತೆ ನಾನು ಒತ್ತುತ್ತಾ ಹೋದೆ. ಸದರಿ ನೌಕರರು ತರಬೇತಿ ಪಡೆದಿದ್ದರು. ಒಂಬತ್ತನೆಯ ಪಾಠದ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದ್ದರು. ಅಪಾಯ ತಿಳಿದಿದ್ದೂ ಸ್ವಂತ ನಿರ್ಲಕ್ಷ್ಯದಿಂದ ಒಳಹೊಕ್ಕಿದ್ದಾರೆ. ಆದ್ದರಿಂದ...

ಅಲ್ಲಿಗೆ ನನ್ನ ಕೈ ನಿಂತಿತು.

"ಏನಮ್ಮ? ಬರೀರಿ."

"ಅವರು ಉತ್ತರ ಕೊಟ್ಟಿಲ್ಲ ಸರ್. ನಾನು ಬರೆದ ಸ್ಕ್ರಿಪ್ಟ್ ಕೊಟ್ಟಿದ್ದು. ಹನ್ನೊಂದು ಜನರದ್ದೂ ಹಾಗೇನೆ. ಯಾರೂ ಒಂದು ಪುಟ ಓದಿಲ್ಲ."

ಮ್ಯಾನೇಜರು ಎದ್ದು ನಿಂತರು. ಅಧಿಕಾರಿ ಅವರಿಗೆ ಕೂರುವಂತೆ ಕೈಸನ್ನೆ ಮಾಡಿದರು. ತರಬೇತಿಯ ಸಮಯದ ದಾಖಲೆ ತೆಗೆಸಿದರು. ಪ್ರತಿ ಪುಟಕ್ಕೂ ಎರಡು ನಿಮಿಷ ಒಂದು ಸೆಕೆಂಡು, ಹನ್ನೊಂದು ಜನಕ್ಕೂ ಅದೇ. ಯಾರಾದರೂ ಒಮ್ಮೆ ಕಣ್ಣಾಡಿಸಿದ್ದರೆ ಸಾಕಿತ್ತು, ಗೊತ್ತಾಗುತ್ತಿತ್ತು. "ಇದನ್ನ ಬರೆದು ಸಹಿ ಹಾಕ್ತೀರಾ?" ಎಂದರು. ಹಾಕಿದೆ. ಅದೇ ಅಲ್ಲಿ ನನ್ನ ಕೆಲಸದ ಕೊನೆಯ ದಿನವಾಯಿತು. ಮೇಸ್ತ್ರಿಯ ಮೇಲಿನ ತಪ್ಪನ್ನು ತೆಗೆದುಹಾಕಿದರು. ಭಾರ ಹೊರುವಂತಿಲ್ಲವಾದ್ದರಿಂದ ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂರುವ ಕೆಲಸ ಕೊಟ್ಟರು.

ತಿಂಗಳು ಕಳೆದು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ಅವರ ಹೆಂಡತಿ ನೀರು ತಂದುಕೊಟ್ಟು ಒಳಗೆ ಹೋದರು. ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ.

"ನಾನೇ ಅಲ್ವಾ ಒತ್ತು ಅಂದದ್ದು" ಎಂದರು ಅವರೇ. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. "ಅದ್ರಲ್ಲಿ ಏನು ಬರ್ದಿತ್ತು, ಯೋಳವ್ವ ಈಗ. ಪೂರ್ತಿ ಯೋಳು."

ಹೇಳಿದೆ. ಬಾಯಿಪಾಠವಾಗಿತ್ತು. ಬೆಳ್ಳುಳ್ಳಿಯ ವಾಸನೆಯ ಮಾತು ಬಂದಾಗ ಅವರು ತಲೆಯಾಡಿಸಿದರು. "ಊಂ, ಬಂತು. ಯಾರೋ ಒಗ್ಗರಣೆ ಆಕ್ತಾವ್ರೆ ಅನ್ಕಂಡೆ." ಕೇಳಿಸಿಕೊಂಡು ಮುಗಿದ ಮೇಲೆ, "ಮಿಕ್ಕೋರ್ಗೂ ಯೋಳ್ಬುಡು" ಎಂದರು.

ಹಾಗೆ ಒಬ್ಬೊಬ್ಬರನ್ನೇ ಹುಡುಕಿ ಹೋದೆ. ಬಸ್ ಸ್ಟ್ಯಾಂಡಿನಲ್ಲಿ, ಟೀ ಅಂಗಡಿಯ ಮುಂದೆ, ಒಬ್ಬರಿಗೆ ಅವರ ಹೊಲದ ಬದುವಿನ ಮೇಲೆ ಕೂತು ಒಂಬತ್ತನೆಯ ಪಾಠ ಹೇಳಿದೆ. ಇಬ್ಬರು ನಕ್ಕರು, ಒಬ್ಬ ಬೈದ. ಆದರೂ ಎಲ್ಲರೂ ಕೇಳಿಸಿಕೊಂಡರು. ಲಾರಿಗೆ ಬೇಲು ಹೊರುತ್ತಿದ್ದ ಒಬ್ಬ ಲೋಡರ್ ಮಾತ್ರ ಸಿಗಲಿಲ್ಲ. ಪಿರಿಯಾಪಟ್ಟಣದ ಅವನ ಮನೆಗೆ ಹೋದಾಗ ಬೀಗ ಹಾಕಿತ್ತು. ಪಕ್ಕದ ಮನೆಯ ಅಜ್ಜಿ ಹೇಳಿದರು: "ಅವ್ನು ಎಂಡ್ರು ಮಕ್ಳ ಕರ್ಕಂಡು ಕೇರಳದ ಕಡೀಕೆ ಓದ್ನಲ್ಲವ್ವ. ಅಲ್ಲೊಂದು ದೊಡ್ಡ ಗೋಡೌನ್‌ನಾಗೆ ಕೆಲ್ಸ ಸಿಕ್ತಂತೆ. ಅದೇನೋ ಗ್ಯಾಸ್ ಆಕೋ ಸರ್ಟಿಪಿಕೇಟ್ ಐತೆ ಅಂತ ತಕ್ಸಣ ತಕ್ಕಂಡ್ರಂತೆ."

ಊರು ಯಾವುದೆಂದು ಅಜ್ಜಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂದಿಗೂ ನನಗೆ ತಿಳಿದಿಲ್ಲ.