ಹುಣಸೆ ಬೀಜದ ಸಂಡಿಗೆ

ಬೇಸಿಗೆಯಲ್ಲಿ ಚಳ್ಳಕೆರೆಯ ಕಂಬಳಿ ನೇಯುವವರ ಕೇರಿಗೆ ಬಂದರೆ ಮಾಳಿಗೆಗಳ ಮೇಲೆ ಬಿಲ್ಲೆ ಬಿಲ್ಲೆಯಾಗಿ ಏನೋ ಒಣಗುತ್ತಿರುತ್ತದೆ. ಅದು ಹುಣಸೆ ಬೀಜದ ಗಂಜಿ. ಈ ಬಿಲ್ಲೆ ಹುಟ್ಟಿದ್ದು ನಮ್ಮ ಮನೆಯಲ್ಲಿ, ಅದೂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಮಗನಾದ ನನ್ನ ತಲೆಯಿಂದ ಎಂದು ಊರವರು ಹೇಳುತ್ತಾರೆ. ಬಹಳ ಕಾಲ ನಾನೂ ಹಾಗೆಯೇ ಹೇಳಿಕೊಂಡು ತಿರುಗಿದೆ. ಈಗ ಬರೆಯಲು ಕೂತರೆ ಧೈರ್ಯ ಸಾಲದು.

ಕಂಬಳಿಯ ಹಾಸಿನ ನೂಲಿಗೆ, ಎಂದರೆ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ಈ ಗಂಜಿ ಸವರದಿದ್ದರೆ ಮಗ್ಗದಲ್ಲಿ ಎಳೆ ನಿಲ್ಲುವುದಿಲ್ಲ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಒರಳಲ್ಲಿ ರುಬ್ಬಿ ಬೇಯಿಸಬೇಕು. ಬಿಸಿಲುಗಾಲದಲ್ಲಿ ಒಂದೇ ದಿನಕ್ಕೆ ಹುಳಿಯುತ್ತದೆ, ಮರುದಿನ ಮತ್ತೆ ರುಬ್ಬಬೇಕು. ಆ ವರ್ಷ ಅವ್ವನ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ದೇವಸಮುದ್ರದ ಕುರಿಗಾಹಿ ಯಜಮಾನರು ಉಣ್ಣೆ ಕೊಟ್ಟು, ಮಳೆಗೆ ಮುಂಚೆ ನಾಲ್ಕು ಕಂಬಳಿ ಬೇಕೆಂದಿದ್ದರು. ಅವ್ವನ ಕೈ ನಿಂತರೆ ಅಪ್ಪನ ಮಗ್ಗವೂ ನಿಲ್ಲುತ್ತಿತ್ತು. ನಾನು ರುಬ್ಬುತ್ತೇನೆಂದು ಕೂತರೆ ಗಂಜಿಯಲ್ಲಿ ನುಚ್ಚು ಉಳಿಯುತ್ತಿತ್ತು.

ನೋವು ಕಡಿಮೆಯಿದ್ದ ಒಂದು ದಿನ ಅವ್ವ ಒಟ್ಟಿಗೆ ಬಹಳಷ್ಟು ರುಬ್ಬಿ ಬೇಯಿಸಿದಳು. ಮಿಕ್ಕದ್ದನ್ನು ತಿಪ್ಪೆಗೆ ಸುರಿಯಲು ಮನಸ್ಸು ಬರದೆ, ಮಾಳಿಗೆಯ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆಯ ಹಾಗೆ ಇಟ್ಟಳು. ಒಣಗಿದ ಮೇಲೆ ಏನು ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ.

ಆ ವಾರವೇ ಮೊಳಕಾಲ್ಮೂರಿನ ಅತ್ತೆ ಬಂದರು. ರಕ್ತಸಂಬಂಧವಲ್ಲ, ರೇಷ್ಮೆ ಸೀರೆ ನೇಯುವ ಮನೆಯವರು, ಸಂತೆಗೆ ಬಂದಾಗ ನಮ್ಮಲ್ಲೇ ಇಳಿಯುತ್ತಿದ್ದರು. ಅವರ ಮನೆಯಲ್ಲಿ ನೂಲಿಗೆ ಅಕ್ಕಿ ಗಂಜಿ. ಮಿಕ್ಕಿದರೆ ಉಪ್ಪು, ಜೀರಿಗೆ ಬೆರೆಸಿ ಒಣಗಿಸಿದರೆ ನಿಜವಾದ ಸಂಡಿಗೆಯೇ ಆಗುತ್ತದೆ. ಮಾಳಿಗೆಯ ಮೇಲಿದ್ದುದನ್ನು ಅವರು ಅದೇ ಎಂದುಕೊಂಡರು. ಕಂಬಳಿ ವಿಚಾರಿಸಲು ಬಂದಿದ್ದ ದೇವಸಮುದ್ರದ ಯಜಮಾನರು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅರ್ಧದಷ್ಟನ್ನು ಕರಿದು ಬಡಿಸಿಬಿಟ್ಟರು.

ಯಜಮಾನರು ಒಂದನ್ನು ಕಚ್ಚಿದರು. ಹಲ್ಲು ಇಳಿಯಲಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದೇನ್ರಿ, ಸಂಡಿಗೆನೋ ಕುರಿ ಗೊರಸೋ?" ಎಂದರು.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಗಂಜಿ ಹೊಟ್ಟೇಲಿದ್ರೆ ನೂಲಿನಂಗೆ ನೀವೂ ಗಟ್ಟಿಯಾಗ್ತೀರಿ ಬಿಡ್ರಿ, ಯಜಮಾನ್ರೇ."

"ಕಂಬಳಿ ಕೇಳಾಕೆ ಬಂದ್ರೆ ನನ್ನೇ ಕಂಬಳಿ ಮಾಡ್ತೀಯೇನಲೇ?"

"ಅಯ್ಯೋ ರಾಮ, ನಾಕೇಂ ತೆಲುಸು!" ಎಂದು ಅತ್ತೆ ತೆಲುಗಿನಲ್ಲಿ ಹಣೆ ಬಡಿದುಕೊಂಡರು. ತನಗೇನು ಗೊತ್ತು ಎಂದು ಅವರ ಅಳಲು.

ಕರಿಯದೆ ಉಳಿದ ಒಣ ಬಿಲ್ಲೆಗಳು ಒಲೆಯ ಪಕ್ಕದ ಬಿಸಿನೀರಿನ ಹಂಡೆಗೆ ಬಿದ್ದವು. ಹೇಗೆ ಬಿದ್ದವು ಎಂಬುದೇ ನನ್ನ ತೊಡಕು. ಸಂಜೆ ಅವ್ವ ಪಾತ್ರೆ ತೊಳೆಯಲು ಚೊಂಬು ಅದ್ದಿದರೆ ಮೇಲಕ್ಕೇಳಲಿಲ್ಲ, ನೀರು ಅಷ್ಟು ಮಂದವಾಗಿತ್ತು. ಅಪ್ಪ ಬೆರಳಲ್ಲಿ ತೆಗೆದು ಒಂದು ಎಳೆ ಉಣ್ಣೆ ನೂಲಿಗೆ ಉಜ್ಜಿ, ಗಾಳಿಗೆ ಹಿಡಿದು, ಎಳೆದು ನೋಡಿದರು.

"ಇಲ್ನೋಡೇ, ರುಬ್ಬಿದ ಗಂಜಿನೇ ಐತೆ ಇದು!"

ಅವ್ವ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಹಂಡೆಯನ್ನೇ ನೋಡುತ್ತಿದ್ದಳು.

ಒಮ್ಮೆ ರುಬ್ಬಿ ಒಣಗಿಸಿಟ್ಟ ಬಿಲ್ಲೆಯನ್ನು ಬೇಕಾದಾಗ ಬಿಸಿನೀರಿಗೆ ಹಾಕಿದರೆ ಸಾಕು, ದಿನಾ ರುಬ್ಬುವುದು ತಪ್ಪಿತು. ನಾಲ್ಕು ಕಂಬಳಿ ಮಳೆಗೆ ಮುಂಚೆ ಮುಗಿದವು. ಆಮೇಲೆ ಬೇಸಿಗೆ ಬಂದರೆ ಕೇರಿಯ ಹೆಂಗಸರು ನಮ್ಮ ಅಂಗಳದಲ್ಲಿ ಸೇರಿ ಸರದಿಯ ಮೇಲೆ ರುಬ್ಬುತ್ತಿದ್ದರು. ವರ್ಷಕ್ಕೆ ಸಾಲುವಷ್ಟು ಬಿಲ್ಲೆ ಒಣಗಿಸಿ, ಹೆಚ್ಚಾದದ್ದನ್ನು ಸಂತೆಯಲ್ಲಿ ಮಾರುತ್ತಿದ್ದರು. ಅವ್ವನದು ಹದ ನೋಡುವ ಕೆಲಸ ಮಾತ್ರ. ನೋಡುನೋಡುತ್ತ ಅದು ದೊಡ್ಡ ವ್ಯಾಪಾರವಾಯಿತು.

ನನ್ನ ನೆನಪಿನಲ್ಲಿ ಬಿಲ್ಲೆ ಹಂಡೆಗೆ ಹಾಕಿದ್ದು ನಾನು. ಬೇಕೆಂದೇ, ಪರೀಕ್ಷೆಗೆಂದು. ಹಬೆಗೆ ನನ್ನ ಕನ್ನಡಕ ಮಂಜಾದದ್ದೂ ಚೆನ್ನಾಗಿ ನೆನಪಿದೆ. ಆದರೆ ನಾನು ಕನ್ನಡಕ ಹಾಕಿಕೊಂಡದ್ದು ಅದಾದ ಎರಡು ವರ್ಷಕ್ಕೆ. ಇದು ಹೊಳೆದ ದಿನ, ಈಗ ನಾನಿರುವ ಮೈಸೂರಿನಲ್ಲಿ ಕೂತಿರಲಾಗದೆ ಊರಿಗೆ ಬಂದೆ.

ಅವ್ವ ಒಲೆ ಮುಂದೆ ಸಜ್ಜೆ ರೊಟ್ಟಿ ತಟ್ಟುತ್ತಿದ್ದಳು. ಹಂಡೆಗೆ ಹಾಕಿದ್ದು ಯಾರೆಂದು ಕೇಳಿದೆ.

"ನಿಮ್ಮತ್ತೆ. ನಾಚಿಕೆಯಾಗಿ, ಯಾರ ಕಣ್ಣಿಗೂ ಬೀಳಬಾರದು ಅಂತ ಹಾಕಿದ್ಲು. ನೀನು ಬಾಗಿಲಲ್ಲಿ ನಿಂತು ನಗ್ತಿದ್ದೆ."

"ಮತ್ತೆ ಊರೆಲ್ಲ ನನ್ನ ಹೆಸರು ಹೇಳಿದಾಗ ನೀನ್ಯಾಕೆ ಸುಮ್ಮನಿದ್ದೆ?"

"ಹೇಳ್ಕೊಳ್ಳಲಿ ಬಿಡು. ನನಗೆ ಕೈ ಉಳೀತಲ್ಲ." ರೊಟ್ಟಿಯನ್ನು ಬಲಗೈಯಲ್ಲೇ ಎತ್ತಿ ಹೆಂಚಿಗೆ ಹಾಕಿದಳು. "ಕೂತ್ಕೋ, ಬಿಸಿ ಇರುವಾಗ್ಲೇ ತಿನ್ನು."